ಮಳೆಕಾಡಿಗೆ ಸಫಾರಿಯ ಕಣ್ಣು ಬೇಡ

ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುತ್ತಿ ಬಂದವರು ಕಳಸದ ಹೋಟೆಲಿನಲ್ಲೋ ಸಂಸೆಯ ಹೋಮ್‌ಸ್ಟೇ ಜಗಲಿಯಲ್ಲೋ ಕೂತು ಕಾಫಿ ಕುಡಿಯುವಾಗ ಒಂದು ಮಾತು ತಪ್ಪದೆ ಬರುತ್ತದೆ: ‘ಜಾಗ ಚೆನ್ನಾಗಿದೆ, ಆದರೆ ಪ್ರಾಣಿ ಒಂದೂ ಕಾಣಲಿಲ್ಲ.’ ಅದರ ಬೆನ್ನಿಗೇ ಗೈಡಿನ ಮೇಲೆ ದೂರು. ದಾರಿ ತೋರಿಸುವುದಕ್ಕೆ ಮೊಬೈಲ್ ಇತ್ತಲ್ಲ, ಈ ಮನುಷ್ಯನಿಗೆ ದುಡ್ಡು ಕೊಟ್ಟದ್ದು ಯಾಕೆ? ಕಬಿನಿಗೆ ಹೋಗಿದ್ದರೆ ಒಂದೇ ಸಂಜೆಗೆ ಆನೆ, ಕಾಟಿ, ಅದೃಷ್ಟವಿದ್ದರೆ ಹುಲಿ. ಊರಿಗೆ ಮರಳಿದ ಮೇಲೆ ಈ ಮಾತೇ ರೇಟಿಂಗ್ ಆಗುತ್ತದೆ. ರೇಟಿಂಗ್ ಓದಿದ ಮಾಲೀಕರು ಗೈಡನ್ನು ಕರೆದು ‘ಬಂದವರಿಗೆ ಏನಾದರೂ ತೋರಿಸಪ್ಪ’ ಅನ್ನುತ್ತಾರೆ. ಇಲ್ಲೂ ಜೀಪ್ ಸಫಾರಿ ಶುರುವಾದರೆ ಊರು ಉದ್ಧಾರವಾಗುತ್ತದೆ ಎಂಬ ಮಾತು ಪೇಟೆಯಲ್ಲಿ ಓಡಾಡತೊಡಗುತ್ತದೆ.

ಕಾಡಿಗೆ ಹೋದವರಿಗೆ ಪ್ರಾಣಿ ಕಾಣಲೇಬೇಕು, ಕಾಣಿಸುವುದೇ ಗೈಡಿನ ಕೆಲಸ, ಕಂಡರೆ ಮಾತ್ರ ಜನರಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟುತ್ತದೆ. ಈ ಮೂರು ಮಾತುಗಳನ್ನು ಇವತ್ತು ಯಾರೂ ಪ್ರಶ್ನಿಸುವುದಿಲ್ಲ. ಪ್ರವಾಸೋದ್ಯಮದವರು, ಕ್ಯಾಮೆರಾ ಹಿಡಿದವರು, ಒಳ್ಳೆಯ ಮನಸ್ಸಿನ ಪರಿಸರಪ್ರಿಯರು, ಎಲ್ಲರೂ ಒಪ್ಪಿಬಿಟ್ಟಿದ್ದಾರೆ. ನಾನು ಒಪ್ಪುವುದಿಲ್ಲ. ಪಶ್ಚಿಮ ಘಟ್ಟದ ಮಳೆಕಾಡಿನ ಮಟ್ಟಿಗೆ ಈ ಮೂರೂ ತಪ್ಪು, ಮತ್ತು ಈ ತಪ್ಪಿನ ಬೆಲೆಯನ್ನು ಕಾಡಿನ ಜೀವಗಳು ತೆರುತ್ತಿವೆ.

ಈ ನಿರೀಕ್ಷೆ ಹುಟ್ಟಿದ ಜಾಗವನ್ನು ಮೊದಲು ನೋಡಬೇಕು. ಕರ್ನಾಟಕದ ಜನಕ್ಕೆ ವನ್ಯಜೀವಿ ವೀಕ್ಷಣೆಯ ಅಭ್ಯಾಸ ಮಾಡಿಸಿದ್ದು ಬಂಡೀಪುರ, ನಾಗರಹೊಳೆ, ಕಬಿನಿ. ಅಲ್ಲಿಯದು ಬಹುಪಾಲು ಎಲೆ ಉದುರಿಸುವ ಕಾಡು. ಬೇಸಿಗೆಯಲ್ಲಿ ಮರ ಬೋಳಾಗುತ್ತದೆ, ನೀರು ಕೆಲವೇ ಕೆರೆಗಳಲ್ಲಿ ಉಳಿಯುತ್ತದೆ, ಬಾಯಾರಿದ ಪ್ರಾಣಿ ಅಲ್ಲಿಗೆ ಬರಲೇಬೇಕು. ಆ ಕೆರೆಗಳಲ್ಲಿ ಹಲವನ್ನು ಅರಣ್ಯ ಇಲಾಖೆಯೇ ತೋಡಿಸಿದೆ. ಸಫಾರಿ ದಾರಿಯ ಎರಡೂ ಬದಿಗೆ ಪೊದೆ ಸವರಿ ದೂರದವರೆಗೆ ನೋಟ ಹರಿಯುವಂತೆ ಮಾಡಿದ್ದಾರೆ. ಕಬಿನಿಯ ಹಿನ್ನೀರಿನಲ್ಲಿ ಬೇಸಿಗೆಯ ಹೊತ್ತಿಗೆ ನೂರಾರು ಆನೆ ಸೇರುವ ದೃಶ್ಯವೂ ಅಂಥದ್ದೇ. 1974ರಲ್ಲಿ ಅಣೆಕಟ್ಟು ಮುಗಿಯದೇ ಹೋಗಿದ್ದರೆ ಆ ದೃಶ್ಯವೇ ಇರುತ್ತಿರಲಿಲ್ಲ. ನೀರು ಇಳಿದಾಗ ದಡದ ಕೆಸರಿನಲ್ಲಿ ಹಸಿ ಹುಲ್ಲು ಚಿಗುರುತ್ತದೆ, ಸುತ್ತಲಿನ ಕಾಡು ಒಣಗಿ ನಿಂತಿರುತ್ತದೆ, ಆನೆಗಳು ಅಲ್ಲಿಗೆ ಇಳಿದು ಬರುತ್ತವೆ. ಅದು ಭವ್ಯ ದೃಶ್ಯ, ನನಗೂ ಪ್ರಿಯವಾದದ್ದು. ಆದರೆ ಬೇಸಿಗೆ, ಬಯಲು, ಮನುಷ್ಯರ ಎಂಜಿನಿಯರಿಂಗ್ ಮೂರೂ ಕೂಡಿ ಆದದ್ದು. ಅದನ್ನೇ ಕಾಡೆಂಬುದರ ಅಳತೆಗೋಲು ಮಾಡಿಕೊಂಡು ಆಗುಂಬೆಗೆ ಹೋಗಿ ನಿಂತರೆ ನಿರಾಸೆಯಾಗದೆ ಇನ್ನೇನಾದೀತು?

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಬಂಡೀಪುರಕ್ಕೆ ಅದರ ಐದನೇ ಒಂದು ಪಾಲೂ ಸಿಗುವುದಿಲ್ಲ. ಇಷ್ಟು ನೀರು ಸಿಕ್ಕ ಮರಗಳು ಮೂವತ್ತು ನಲವತ್ತು ಮೀಟರ್ ಎತ್ತರಕ್ಕೆ ಹೋಗಿ ಅಲ್ಲಿ ಒಂದಕ್ಕೊಂದು ತಲೆ ಕೂಡಿಸಿ ಚಪ್ಪರ ಹಾಕುತ್ತವೆ. ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಬಿಸಿಲಿಲ್ಲದ ಕಡೆ ಹುಲ್ಲಿಲ್ಲ. ಹುಲ್ಲಿಲ್ಲದ ಕಡೆ ಚುಕ್ಕೆ ಜಿಂಕೆಯ ಹಿಂಡಿಲ್ಲ. ಹಿಂಡಿಲ್ಲದ ಕಡೆ ಹುಲಿ ಇದ್ದರೂ ತೀರಾ ವಿರಳವಾಗಿ, ದೊಡ್ಡ ಜಾಗ ಬಳಸಿಕೊಂಡು ಇರುತ್ತದೆ. ಎಲೆಗಳಿಗೇನೋ ಬರವಿಲ್ಲ, ಆದರೆ ಬಹಳಷ್ಟು ಮರಗಳು ತಮ್ಮ ಎಲೆಯಲ್ಲಿ ಒಗರು, ವಿಷ ತುಂಬಿ ಇಟ್ಟುಕೊಂಡಿರುತ್ತವೆ. ಹಣ್ಣು ಮೇಲೆ, ಹೂವು ಮೇಲೆ, ಹಾಗಾಗಿ ತಿನ್ನುವವರೂ ಮೇಲೆಯೇ: ಸಿಂಗಳೀಕ, ಕೆಂಜಳಿಲು, ಮಂಗಟ್ಟೆ. ಮಳೆಕಾಡಿನ ಜೀವರಾಶಿ ಒಂದೋ ನಮ್ಮ ನೆತ್ತಿಯ ಮೇಲಿದೆ, ಇಲ್ಲವೇ ಕಾಲಡಿಯ ದರಗಿನಲ್ಲಿದೆ. ಕಣ್ಣಿನ ಮಟ್ಟದಲ್ಲಿ, ಜೀಪಿನ ಸೀಟಿನಿಂದ ಕಾಣುವಷ್ಟು ಎತ್ತರದಲ್ಲಿ, ಇರುವುದು ಕಾಂಡಗಳು ಮತ್ತು ಕತ್ತಲು. ಜೀಪ್ ಸಫಾರಿ ಈ ಕಾಡಿಗೆ ಒಗ್ಗುವುದಿಲ್ಲ ಎನ್ನುವುದಕ್ಕೆ ನೈತಿಕ ವಾದವೇ ಬೇಕಿಲ್ಲ, ಇಷ್ಟು ಜೀವಶಾಸ್ತ್ರ ಸಾಕು.

ಹಾಗಾದರೆ ಅಲ್ಲಿ ನೋಡಲು ಏನೂ ಇಲ್ಲವೇ? ಕುಂಬಾರ ಕಪ್ಪೆಯನ್ನು ನೋಡಿ. ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಂಥ ತಂಪು ನೀರಿನ ಆಸರೆಯಲ್ಲಿ ಬದುಕುವ ಪುಟ್ಟ ಇರುಳುಗಪ್ಪೆ ಇದು. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿ ‘ಕುಂಬಾರ’ ಎಂಬ ಕನ್ನಡದ ಹೆಸರನ್ನೇ ಇಟ್ಟರು. ರಾತ್ರಿ ಹೊತ್ತು ಹಳ್ಳದ ಅಂಚಿನಲ್ಲಿ ಗಂಡು ಕೂಗುತ್ತದೆ. ಹೆಣ್ಣು ಬಂದು ಸೇರಿದ ಮೇಲೆ ಮುಂಗಾಲ ಮೇಲೆ ತಲೆಕೆಳಗಾಗಿ ನಿಂತು, ನೀರಿನಿಂದ ಮೇಲೆ ಚಾಚಿದ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸುತ್ತದೆ. ಅಲ್ಲಿಂದ ಮುಂದಿನದು ಗಂಡಿನ ಕೆಲಸ. ಅದು ಹಳ್ಳದ ತಳಕ್ಕೆ ಇಳಿದು ಮುಂಗೈ ತುಂಬ ಕೆಸರು ಎತ್ತಿ ತಂದು, ಹಿಂಗಾಲ ಮೇಲೆ ನಿಂತು, ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮತ್ತೆ ಇಳಿಯುತ್ತದೆ, ಮತ್ತೆ ತರುತ್ತದೆ, ಮತ್ತೆ ಮೆತ್ತುತ್ತದೆ. ಮೊಟ್ಟೆ ಕಾಣದಂತೆ ಮಣ್ಣಿನ ಹೊದಿಕೆ ಆಗುವವರೆಗೂ ಬಿಡುವುದಿಲ್ಲ. ಇದೇ ಘಟ್ಟದ ಪೊದೆಗಪ್ಪೆಗಳಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ, ಮೊಟ್ಟೆಯೊಡೆದು ನೇರವಾಗಿ ಅಕ್ಕಿಕಾಳಿನಷ್ಟು ಕಪ್ಪೆಮರಿ ಹೊರಬರುತ್ತದೆ. ಪ್ರಪಂಚದ ಬೇರೆಲ್ಲೂ ಸಿಗದ ಜೀವಗಳು ನಮ್ಮ ಜಿಲ್ಲೆಗಳ ಹಳ್ಳಗಳಲ್ಲಿ ಇವೆ. ಇವನ್ನು ಮುಂದಿಟ್ಟುಕೊಂಡು ‘ಏನೂ ಕಾಣಲಿಲ್ಲ’ ಅನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ, ಅವರಿಗೆ ಹಾಗೆ ಅನ್ನಲು ಕಲಿಸಿದ ವ್ಯಾಪಾರದ ಮೇಲೆ ಇನ್ನೂ ಹೆಚ್ಚು.

ಕುದುರೆಮುಖದ ಒಳಗೆ ಮಲೆಕುಡಿಯ ಸಮುದಾಯದ ಒಬ್ಬ ಗೈಡಿನ ಜೊತೆ ನಡೆದದ್ದು ನೆನಪಿದೆ. ನಡುವಯಸ್ಸಿನವರು, ಮಾತು ಕಡಿಮೆ. ದೊಡ್ಡದೊಂದು ಹೆಬ್ಬಲಸಿನ ಬುಡದಲ್ಲಿ ನಿಂತರು. ನಾವೆಲ್ಲ ಅಭ್ಯಾಸಬಲದಿಂದ ಕತ್ತು ಎತ್ತಿದೆವು. ‘ಮೇಲೆ ನೋಡಿ ಪ್ರಯೋಜನ ಇಲ್ಲ ಮಾರಾಯ್ರೆ, ಕೆಳಗೆ ನೋಡಿ’ ಅಂದರು. ದರಗಿನ ಮೇಲೆ ಅರ್ಧ ತಿಂದು ಬಿಸಾಡಿದ ಕಾಯಿಗಳು ಬಿದ್ದಿದ್ದವು. ಒಂದನ್ನು ಎತ್ತಿ ಕಚ್ಚಿದ ಜಾಗಕ್ಕೆ ಬೆರಳು ಒತ್ತಿದರು, ಬೆರಳಿಗೆ ಬಿಳಿ ಎಳೆ ಎದ್ದು ಬಂತು. ‘ಮೇಣ ಇನ್ನೂ ಹಸಿ ಉಂಟು. ಸಿಂಗಳೀಕ ಈಗಷ್ಟೇ ದಾಟಿದ್ದು, ಆ ಬದಿಗೆ. ಹಿಂದೆ ಹೋಗುವುದು ಬೇಡ, ಮರಿ ಇರ್ತದೆ.’ ಅಷ್ಟೇ. ಸಿಂಗಳೀಕ ಕಾಣಲಿಲ್ಲ. ಆದರೆ ಅದು ಯಾವ ಮರದ ಕಾಯಿ ತಿನ್ನುತ್ತದೆ, ಎಷ್ಟು ತಿಂದು ಎಷ್ಟು ಬಿಡುತ್ತದೆ, ಬಿಟ್ಟದ್ದು ನೆಲಕ್ಕೆ ಬಿದ್ದು ಯಾರ ಪಾಲಾಗುತ್ತದೆ, ಈ ಒಂದು ಮರ ಕಡಿದರೆ ಆ ಗುಂಪಿನ ದಾರಿ ಎಲ್ಲಿ ತುಂಡಾಗುತ್ತದೆ ಎಂಬುದನ್ನು ಅವರು ಕಾಲು ಗಂಟೆ ವಿವರಿಸಿದರು. ಸಿಂಗಳೀಕದ ಬಗ್ಗೆ ಅಷ್ಟು ತಿಳಿಸಿಕೊಟ್ಟ ಫೋಟೊ ನಾನು ಇವತ್ತಿನವರೆಗೆ ಕಂಡಿಲ್ಲ. ನಮ್ಮ ಗುಂಪಿನಲ್ಲಿದ್ದ ಒಬ್ಬರು ಮಾತ್ರ ಹೊರಬಂದ ಮೇಲೆ ‘ಸೈಟಿಂಗ್ ಸೊನ್ನೆ’ ಎಂದು ಬರೆದು ಹಾಕಿದರು. ಆ ಗೈಡಿಗೆ ಮುಂದಿನ ವಾರ ಕೆಲಸ ಸಿಗುವುದೋ ಇಲ್ಲವೋ ಎಂಬುದು ಆ ಎರಡು ಪದಗಳ ಮೇಲೆ ನಿಂತಿರುತ್ತದೆ.

ಒತ್ತಡ ಕೆಲಸ ಮಾಡುವುದು ಹೀಗೆ. ಮರಿ ಇದೆ, ಬೇಡ ಅನ್ನುವ ಗೈಡ್ ಕೆಲಸ ಕಳೆದುಕೊಳ್ಳುತ್ತಾನೆ, ಬನ್ನಿ ತೋರಿಸುತ್ತೇನೆ ಅನ್ನುವವನು ಬೆಳೆಯುತ್ತಾನೆ. ತೋರಿಸಲೇಬೇಕಾದವನು ಏನೇನು ಮಾಡುತ್ತಾನೆ ಎಂಬುದನ್ನು ಮಳೆಗಾಲದ ರಾತ್ರಿ ಘಟ್ಟದ ಯಾವುದಾದರೂ ತೊರೆಯ ಬಳಿ ನಿಂತು ನೋಡಬೇಕು. ನಾನು ನೋಡಿದ ಒಂದು ಗುಂಪಿನ ಎದುರು ಮಲಬಾರ್ ಪಿಟ್ ವೈಪರ್ ಇತ್ತು. ತೊರೆಯ ಮೇಲೆ ಬಾಗಿದ ತೆಳು ಕೊಂಬೆಯಲ್ಲಿ ಸುರುಳಿ ಸುತ್ತಿ ಕೂತಿತ್ತು. ಈ ಹಾವು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಕಪ್ಪೆ ಹಾಯುವ ಜಾಗ ಹುಡುಕಿ ಅಲ್ಲೇ ಅಲುಗಾಡದೆ ಕಾಯುತ್ತದೆ, ಅದೇ ಜಾಗದಲ್ಲಿ ದಿನಗಟ್ಟಲೆ ಇರುವುದೂ ಉಂಟು. ಆ ಕೊಂಬೆ ಫೋಟೊಗೆ ಚೆನ್ನಾಗಿರಲಿಲ್ಲ. ಕರೆತಂದವನು ಕೊಕ್ಕೆಕೋಲಿನಿಂದ ಹಾವನ್ನು ಎತ್ತಿ ಪಾಚಿ ಹಿಡಿದ ಬೇರೊಂದು ಕೊಂಬೆಗೆ ಇಟ್ಟ. ಅದು ಇಳಿದು ಹೋಗಲು ನೋಡಿತು, ಮತ್ತೆ ಎತ್ತಿಟ್ಟ. ಒಬ್ಬರು ಸ್ಪ್ರೇ ಬಾಟಲಿಯಿಂದ ಅದರ ಮೈಮೇಲೆ ಹನಿ ಚಿಮುಕಿಸಿದರು. ಆಮೇಲೆ ಫ್ಲ್ಯಾಶುಗಳು, ಒಂದಾದ ಮೇಲೆ ಒಂದು, ಇರುಳಿಗೆಂದೇ ಹುಟ್ಟಿದ ಕಣ್ಣುಗಳಿಗೆ ನೇರವಾಗಿ. ಎಲ್ಲರ ಸರದಿ ಮುಗಿದ ಮೇಲೆ ಹಾವನ್ನು ಅಲ್ಲೇ ಬಿಟ್ಟು ಹೊರಟರು. ಅದು ಆರಿಸಿಕೊಂಡು ಕಾದಿದ್ದ ಜಾಗ ಹೋಯಿತು, ಆ ರಾತ್ರಿಯ ಊಟ ಹೋಯಿತು. ಆ ಚಿತ್ರಗಳಲ್ಲಿ ಒಂದಾದರೂ ‘ಅದರ ಸಹಜ ನೆಲೆಯಲ್ಲಿ’ ಎಂಬ ಅಡಿಬರಹ ಹೊತ್ತು ಎಲ್ಲೋ ತೂಗುತ್ತಿರಬೇಕು.

ಕಪ್ಪೆಬಾಯಿ ಹಕ್ಕಿಯ ಪಾಡೂ ಇದೇ. ಹಗಲಲ್ಲಿ ಗಂಡು ಹೆಣ್ಣು ಒಂದಕ್ಕೊಂದು ಅಂಟಿಕೊಂಡು, ಒಣಗಿದ ಎಲೆಯ ಬಣ್ಣದಲ್ಲಿ, ದಿನವೂ ಅದೇ ಕೊಂಬೆಯಲ್ಲಿ ಕೂರುವುದು ಇದರ ಸ್ವಭಾವ. ಜಾಗ ಒಮ್ಮೆ ಗೊತ್ತಾದರೆ ಸಾಕು, ದಿನಾ ಜನ. ಕೊಂಬೆಗೆ ಅಡ್ಡ ಬಂದ ಎಲೆಗಳನ್ನು ಕೀಳುತ್ತಾರೆ, ಅಂದರೆ ಹಕ್ಕಿ ಯಾವ ಮರೆಯನ್ನು ನಂಬಿ ಕೂತಿದೆಯೋ ಆ ಮರೆಯನ್ನೇ ತೆಗೆಯುತ್ತಾರೆ. ವರ್ಷಕ್ಕೆ ಒಂದೇ ಮೊಟ್ಟೆಯನ್ನು ನೆಚ್ಚಿಕೊಂಡ ಜೋಡಿ ಇದು, ಹಗಲು ಕಾವು ಕೂರುವುದು ಗಂಡು. ಅದು ಹೆದರಿ ಎದ್ದರೆ ಅಲ್ಲಿಗೆ ಆ ವರ್ಷದ ಸಂಸಾರ ಮುಗಿಯಿತು. ಇನ್ನು ಕೂತಲ್ಲಿಂದ ಏಳದ ಹಕ್ಕಿಯನ್ನು ಎಬ್ಬಿಸಲು ಮೊಬೈಲಿನಲ್ಲಿ ಅದರದ್ದೇ ಕೂಗು ಹಾಕುವ ಚಟ. ಹಕ್ಕಿಗೆ ಅದು ತನ್ನ ನೆಲೆಗೆ ನುಗ್ಗಿದ ಎದುರಾಳಿ. ಮರಿಗೆ ಗುಟುಕು ತರುವುದನ್ನು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತ ಅದು ಕೊಂಬೆಯಿಂದ ಕೊಂಬೆಗೆ ಹಾರುತ್ತದೆ, ನಾವು ಕೆಳಗೆ ನಿಂತು ‘ಎಷ್ಟು ಚೆನ್ನಾಗಿ ಸಹಕರಿಸಿತು’ ಅನ್ನುತ್ತೇವೆ. ದಾಂಡೇಲಿಯ ಕಡೆ ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಗಿಲು ಮೆತ್ತಿಕೊಂಡು ತಿಂಗಳುಗಟ್ಟಲೆ ಒಳಗಿರುತ್ತದೆ. ಅದರ ಮತ್ತು ಮರಿಯ ಅನ್ನವೆಲ್ಲ ಒಂದೇ ಗಂಡಿನ ಕೊಕ್ಕಿನಲ್ಲಿ ಬರಬೇಕು. ಬುಡದಲ್ಲಿ ಜನ ಗುಂಪುಗೂಡಿದ್ದರೆ ಅದು ಗೂಡಿಗೆ ಬರಲು ಹಿಂಜರಿಯುತ್ತದೆ, ದೂರದ ಮರದಲ್ಲಿ ಹಣ್ಣು ಹಿಡಿದು ಕಾಯುತ್ತದೆ. ಆ ಹೊತ್ತಿನಲ್ಲಿ ಒಳಗೆ ಹಸಿದಿರುವ ಜೀವಗಳು ನಮ್ಮ ಕ್ಯಾಮೆರಾಕ್ಕೆ ಕಾಣುವುದಿಲ್ಲ.

ಕಾನೂನು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾಗಿ ಯೋಚಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯೆಂದರೆ ಏನೆಂದು ಹೇಳುವಾಗ ಕೊಲ್ಲುವುದು, ಹಿಡಿಯುವುದರ ಜೊತೆಗೆ ಅಟ್ಟುವುದನ್ನೂ ಆಮಿಷ ಒಡ್ಡುವುದನ್ನೂ ಸೇರಿಸಿದೆ. ಹಕ್ಕಿಗಳ, ಸರೀಸೃಪಗಳ ಮೊಟ್ಟೆಗೆ ಗೂಡಿಗೆ ತೊಂದರೆ ಕೊಡುವುದೂ ಅದೇ ವ್ಯಾಖ್ಯೆಯೊಳಗೆ ಬರುತ್ತದೆ. ಅಭಯಾರಣ್ಯದಲ್ಲಿ ಪ್ರಾಣಿಯನ್ನು ಕೆಣಕುವುದನ್ನು 27ನೇ ಕಲಮು ನೇರವಾಗಿ ನಿಷೇಧಿಸಿದೆ. ಆಗುಂಬೆಯ ಸುತ್ತ ಕಾಳಿಂಗ ಸರ್ಪದ ಹೆಣ್ಣು ಮಳೆಗೆ ಮುಂಚೆ ದರಗು ಗುಡ್ಡೆ ಹಾಕಿ ಗೂಡು ಕಟ್ಟುತ್ತದೆ. ಪ್ರಪಂಚದ ಹಾವುಗಳಲ್ಲಿ ಹೀಗೆ ಗೂಡು ಕಟ್ಟುವುದು ಕಾಳಿಂಗ ಮಾತ್ರ. ಆ ಗೂಡಿನ ಸುಳಿವು ಸಿಕ್ಕ ಕೂಡಲೇ ಅತಿಥಿಗಳನ್ನು ಕರೆದೊಯ್ದು ದರಗು ಸರಿಸಿ ತೋರಿಸುವವನು ತಾನು ಗೈಡ್ ಎಂದುಕೊಂಡಿರಬಹುದು. ಕಾಯಿದೆಯ ಕಣ್ಣಿನಲ್ಲಿ ಅವನು ಮಾಡುತ್ತಿರುವುದು ಬೇಟೆ, ಹಣ ಕೊಟ್ಟು ಮಾಡಿಸಿದವರು ಅದರಲ್ಲಿ ಪಾಲುದಾರರು. ಕಾಳಿಂಗವನ್ನು ಅರಿಯುವ ದಾರಿ ಬೇರೆಯೇ ಇದೆ. 1971ರಲ್ಲಿ ಉರಗತಜ್ಞ ರೊಮ್ಯುಲಸ್ ವಿಟೇಕರ್ ಆಗುಂಬೆಯಲ್ಲಿ ಮೊದಲು ಕಾಳಿಂಗವನ್ನು ಕಂಡು, 2005ರಲ್ಲಿ ಅಲ್ಲೇ ಸಂಶೋಧನಾ ಕೇಂದ್ರ ಕಟ್ಟಿದರು. 2024ರಲ್ಲಿ ಗೌರಿಶಂಕರ್ ಮತ್ತು ಸಂಗಡಿಗರು ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದವೆಂದು ತೋರಿಸಿ, ಇಲ್ಲಿನವರು ಕರೆಯುವ ಹೆಸರನ್ನೇ ಅದಕ್ಕೆ ಕೊಟ್ಟರು. ಈ ಹಾವಿನ ಓಡಾಟದ ತಿಳಿವಳಿಕೆ ಬಂದದ್ದು ವರ್ಷಗಟ್ಟಲೆ ರೇಡಿಯೊ ಸಂಕೇತ ಹಿಡಿದು, ದೂರ ಕಾಯ್ದುಕೊಂಡು, ಹಿಂಬಾಲಿಸಿದ್ದರಿಂದ. ಮತ್ತೊಂದು ಮಾತೂ ಇಲ್ಲೇ ಸೇರಬೇಕು. ಮಲೆನಾಡಿನ ಹಳ್ಳಿಯವರು ತಲೆಮಾರುಗಳಿಂದ ಕಾಳಿಂಗವನ್ನು ಕೊಲ್ಲದೆ ಬಿಟ್ಟದ್ದು ಅದನ್ನು ಹತ್ತಿರದಿಂದ ನೋಡುವ ಆಸೆಗಲ್ಲ. ದೂರ ಇರಬೇಕು ಎಂಬ ಭಯಭಕ್ತಿಯಿಂದ.

ಮುಟ್ಟದಿದ್ದರೆ ಆಯಿತಲ್ಲ, ದೂರದಿಂದ ಒಂದು ಬಾಳೆಹಣ್ಣು ಎಸೆದರೆ ಏನಾಗುತ್ತದೆ ಎಂದು ಕೇಳುವವರಿಗೆ ತಮಿಳುನಾಡಿನ ವಾಲ್ಪಾರೈ ಬಳಿಯ ಪುದುತೋಟ್ಟಂ ಉತ್ತರ ಕೊಡುತ್ತದೆ. ಅಲ್ಲಿ ಎಸ್ಟೇಟುಗಳ ನಡುವೆ ಉಳಿದ ತುಂಡು ಕಾಡಿನಲ್ಲಿ ಸಿಂಗಳೀಕಗಳಿವೆ. ಮರದಿಂದ ಮರಕ್ಕೆ ಹಾರುತ್ತ ಇಡೀ ಜನ್ಮ ಮೇಲೆಯೇ ಕಳೆಯಬೇಕಾದ ಪ್ರಾಣಿ ಅಲ್ಲಿ ನೆಲಕ್ಕಿಳಿದು ಟಾರು ರಸ್ತೆಯಲ್ಲಿ ಓಡಾಡುತ್ತದೆ, ಅಡುಗೆಮನೆಗೆ ನುಗ್ಗುತ್ತದೆ, ವಾಹನಕ್ಕೆ ಸಿಕ್ಕಿ ಸಾಯುತ್ತದೆ. ಕಾಡು ತುಂಡಾದದ್ದು ಮೊದಲ ಕಾರಣ, ನಿಜ. ಪ್ರವಾಸಿಗರು ಕಾರು ನಿಲ್ಲಿಸಿ ತಿಂಡಿ ಕೊಟ್ಟದ್ದು ಆ ಗಾಯಕ್ಕೆ ಖಾರ. ರಸ್ತೆಯ ಮೇಲೆ ಹಗ್ಗದ ಸೇತುವೆ ಕಟ್ಟಿ, ಕಾವಲುಗಾರರನ್ನು ನಿಲ್ಲಿಸಿ ಅವನ್ನು ಉಳಿಸಿಕೊಳ್ಳುತ್ತಿದ್ದಾರೆ. ಪ್ರಪಂಚದಲ್ಲಿ ಕೆಲವೇ ಸಾವಿರ ಉಳಿದಿರುವ ಪ್ರಾಣಿಯೊಂದು ‘ಸುಲಭವಾಗಿ ಕಾಣಸಿಗುವ’ ಜಾಗ ಇದ್ದರೆ, ಅದು ಆ ಪ್ರಾಣಿಯ ಬದುಕು ಕೆಟ್ಟಿರುವ ಜಾಗ.

ಖಾತ್ರಿಯಾಗಿ ತೋರಿಸುವುದೂ ಸಾಧ್ಯ, ಉಗಾಂಡದ ಬ್ವಿಂಡಿಯಲ್ಲಿ ಗೊರಿಲ್ಲಾಗಳನ್ನು ತೋರಿಸುತ್ತಿಲ್ಲವೇ ಎನ್ನುತ್ತಾರೆ. ತೋರಿಸುತ್ತಾರೆ. ಆದರೆ ಅದಕ್ಕೆ ಮುಂಚೆ ಒಂದು ಗೊರಿಲ್ಲಾ ಕುಟುಂಬವನ್ನು ಎರಡು ವರ್ಷದಷ್ಟು ಕಾಲ ದಿನವೂ ಹಿಂಬಾಲಿಸಿ ಮನುಷ್ಯರಿಗೆ ಒಗ್ಗಿಸಿರುತ್ತಾರೆ. ನಮ್ಮ ಶೀತ ಕೆಮ್ಮು ಅವಕ್ಕೆ ಮಾರಕವಾದ್ದರಿಂದ ದಿನಕ್ಕೆ ಒಂದು ಕುಟುಂಬದ ಬಳಿಗೆ ಎಂಟೇ ಜನ, ಒಂದೇ ಗಂಟೆ, ನಡುವೆ ಅಂತರ ಎಂಬ ನಿಯಮ ಇದೆ. ಅಲ್ಲಿ ತಲೆಮಾರುಗಳಿಂದ ಬದುಕಿದ್ದ ಬಾಟ್ವಾ ಜನರನ್ನು 1991ರಲ್ಲಿ ಉದ್ಯಾನ ಮಾಡುವಾಗ ಹೊರಹಾಕಿದರು ಎಂಬುದೂ ಆ ಖಾತ್ರಿಯ ಬೆಲೆಯಲ್ಲಿ ಸೇರಿದೆ. ಅಷ್ಟು ಬಿಗಿಯ ನಿಯಮಗಳಿಲ್ಲದೆ ಬರೀ ಖಾತ್ರಿಯನ್ನು ಮಾತ್ರ ನಾವು ಎರವಲು ತರಲು ಹೊರಟಿದ್ದೇವೆ.

ನೋಡುವ ಹಂಬಲ ಮನುಷ್ಯರಿಗೂ ಅಪಾಯ ತಂದದ್ದಿದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯ ಪೆರಿಯಾರ್ ಜಲಾಶಯದಲ್ಲಿ ಪ್ರವಾಸಿ ದೋಣಿ ಮಗುಚಿ 45 ಜನ ಸತ್ತರು. ದೋಣಿಯ ಕಟ್ಟೋಣದ ದೋಷ, ತುಂಬಿದ್ದ ಜನ, ಹೀಗೆ ಹಲವು ಕಾರಣ ಹೇಳಿದರು. ದಡದಲ್ಲಿ ಪ್ರಾಣಿ ಕಂಡು ಜನ ಒಂದೇ ಬದಿಗೆ ಸರಿದರೆಂದೂ ಆಗ ವರದಿಯಾಗಿತ್ತು.

ಇನ್ನು ಎದುರು ಪಕ್ಷದ ಅತ್ಯಂತ ಗಟ್ಟಿ ವಾದಕ್ಕೆ ಬರುತ್ತೇನೆ. ಕಂಡದ್ದನ್ನು ಮಾತ್ರ ಜನ ಪ್ರೀತಿಸುತ್ತಾರೆ, ಪ್ರೀತಿಸಿದ್ದನ್ನು ಮಾತ್ರ ಉಳಿಸುತ್ತಾರೆ, ಆದ್ದರಿಂದ ಸ್ವಲ್ಪ ತೊಂದರೆಯಾದರೂ ಸರಿ, ತೋರಿಸಬೇಕು ಎಂಬ ವಾದ. ಇದನ್ನು ಹೇಳುವವರಲ್ಲಿ ಪ್ರಾಮಾಣಿಕರಿದ್ದಾರೆ, ಹಾಗಾಗಿ ಉತ್ತರವೂ ಪ್ರಾಮಾಣಿಕವಾಗಿರಬೇಕು. ಕುದುರೆಮುಖದ ಚರಿತ್ರೆಯನ್ನೇ ತೆಗೆದುಕೊಳ್ಳೋಣ. 1980ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಕರ್ನಾಟಕದ ಮಳೆಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದರು. ಅದರ ಬಲದಿಂದ 1987ರಲ್ಲಿ ಸುಮಾರು 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ ಆಯಿತು. ಅದರ ಮಡಿಲಲ್ಲೇ 1970ರ ದಶಕದಿಂದ ಕಬ್ಬಿಣದ ಅದಿರಿನ ಗಣಿ ನಡೆಯುತ್ತಿತ್ತು, ಗಂಗಡಿಕಲ್ಲು ನೆಲ್ಲಿಬೀಡಿನ ಕಡೆಗೂ ಕೈ ಚಾಚಲು ನೋಡಿತ್ತು. ಅದನ್ನು ನಿಲ್ಲಿಸಿದ್ದು ಯಾರು? ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿಗೆ ಹೋದರು. ‘ತುಂಗಾ ಮೂಲ ಉಳಿಸಿ’ ಎಂದು ಜನ ಬೀದಿಗಿಳಿದರು. ಗಣಿಯ ಹೂಳು ಭದ್ರೆಯಲ್ಲಿ ತುಂಬುವುದನ್ನು ಕಂಡ ಕೆಳ ಪ್ರದೇಶದ ರೈತರು ದನಿಗೂಡಿಸಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಆ ರೈತರಲ್ಲಿ ಎಷ್ಟು ಮಂದಿ ಸಿಂಗಳೀಕ ಕಂಡಿದ್ದರು? ಅವರಿಗೆ ಕಾಡು ಎಂದರೆ ಗದ್ದೆಗೆ ಬರುವ ನೀರು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಗಂಗಾಮೂಲದ ಆಸುಪಾಸಿನ ಬೆಟ್ಟದಲ್ಲಿ ಹುಟ್ಟುತ್ತವೆ ಎಂಬ ತಿಳಿವು ಅವರಿಗೆ ಸಾಕಾಗಿತ್ತು. ನದಿಯ ಋಣ, ಅಧ್ಯಯನದ ಪುರಾವೆ, ಕೋರ್ಟಿನ ಹಠ ಕೂಡಿ ಈ ಕಾಡು ಉಳಿಯಿತು. ಪ್ರವಾಸಿಗರ ಕಣ್ಣು ಅದನ್ನು ಉಳಿಸಲಿಲ್ಲ. ಆಗ ಇಲ್ಲಿಗೆ ಬರುತ್ತಿದ್ದ ಪ್ರವಾಸಿಗರಲ್ಲಿ ಅನೇಕರಿಗೆ ಗಣಿಯ ಲಕ್ಯಾ ಅಣೆಕಟ್ಟೂ ಒಂದು ನೋಡತಕ್ಕ ಜಾಗವಾಗಿತ್ತು.

ಒಂದು ಪ್ರಾಣಿಯನ್ನು ಕಂಡು ಬದುಕಿನ ದಾರಿಯನ್ನೇ ಬದಲಿಸಿಕೊಂಡವರು ಇದ್ದಾರೆ, ಅದನ್ನು ಅಲ್ಲಗಳೆಯಲಾರೆ. ಆದರೆ ಅಂಥವರು ಕಾಯಲು ಸಿದ್ಧರಿದ್ದವರು, ಖಾಲಿ ಕೈಯಲ್ಲಿ ಎಷ್ಟೋ ಸಲ ಮರಳಿದವರು. ದುಡ್ಡು ಕೊಟ್ಟೆ, ತೋರಿಸು ಎಂಬ ಕರಾರಿನಿಂದ ಹುಟ್ಟುವುದು ಗಿರಾಕಿತನ. ಗಿರಾಕಿ ಮುಂದಿನ ಸಲ ಇನ್ನೂ ಹತ್ತಿರ, ಇನ್ನೂ ದೊಡ್ಡದು ಕೇಳುತ್ತಾನೆ.

ಊರವರ ಹೊಟ್ಟೆಪಾಡಿನ ಮಾತೂ ಬರುತ್ತದೆ. ಮಲೆಕುಡಿಯರು ಉದ್ಯಾನದ ಒಳಗೆ ಹೆಜ್ಜೆ ಹೆಜ್ಜೆಗೂ ನಿರ್ಬಂಧ ಹೊತ್ತು ಬದುಕುತ್ತಿದ್ದಾರೆ. ಅವರಿಗೆ ಗೈಡ್ ಕೆಲಸದಿಂದ ನಾಲ್ಕು ಕಾಸು ಬರಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಹಾಗಾಗಬೇಕಾದರೆ ಅವರ ತಿಳಿವಳಿಕೆಗೆ ಬೆಲೆ ಬರಬೇಕು. ಸೈಟಿಂಗ್ ವ್ಯಾಪಾರದಲ್ಲಿ ಬೆಲೆ ಇರುವುದು ಜೀಪಿಗೆ, ರೆಸಾರ್ಟಿಗೆ, ಉದ್ದನೆಯ ಲೆನ್ಸಿಗೆ. ಊರಿನವನು ಹಾವಿರುವ ಪೊದೆ ತೋರಿಸಿ ಪಕ್ಕಕ್ಕೆ ಸರಿಯಬೇಕು. ಪೆರಿಯಾರಿನಲ್ಲಿ ಬೇರೆ ದಾರಿ ಹಿಡಿದರು. ಕಾಡುದಾಲ್ಚಿನ್ನಿಯ ತೊಗಟೆ ಕದ್ದು ಮಾರುತ್ತಿದ್ದವರ ಮೇಲಿನ ಮೊಕದ್ದಮೆ ಕೈಬಿಟ್ಟು, 1990ರ ದಶಕದ ಕೊನೆಯಲ್ಲಿ ಅವರನ್ನೇ ಚಾರಣದ ಮಾರ್ಗದರ್ಶಿಗಳನ್ನಾಗಿ ಮಾಡಿದರು. ಕಳ್ಳದಾರಿಗಳೆಲ್ಲ ಅವರಿಗೆ ಗೊತ್ತು. ಸಣ್ಣ ಗುಂಪು ಅವರ ಜೊತೆ ನಡೆಯುತ್ತದೆ, ಕಾಡಿನಲ್ಲಿ ತಂಗುತ್ತದೆ, ಅವರಿಗೆ ಆ ನಡಿಗೆಯೇ ಗಸ್ತು. ಪ್ರವಾಸಿಗರ ಹಣ ಕಾವಲಿಗೆ ಹೋಗುತ್ತದೆ. ಹುಲಿಯ ಹೆಸರಿನ ಚಾರಣವಾದರೂ ಹುಲಿ ಕಾಣಿಸುವ ಹೊಣೆ ಅವರ ಮೇಲಿಲ್ಲ. ಕೋಸ್ಟರೀಕದ ಕೊರ್ಕೊವಾಡೊ ಮಳೆಕಾಡಿನಲ್ಲಿ 2014ರಿಂದ ಪರವಾನಗಿ ಪಡೆದ ಗೈಡ್ ಇಲ್ಲದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಮೊಬೈಲಿನ ಮ್ಯಾಪ್ ಸಾಕು ಎನ್ನುವವರು ಇದನ್ನು ಗಮನಿಸಬೇಕು.

ಪ್ರವಾಸ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಸಂಖ್ಯೆಗೆ ಮಿತಿ ಹಾಕುವುದರಿಂದಲೇ ಎಲ್ಲ ಸರಿಹೋಗುತ್ತದೆ ಎಂದೂ ನಂಬುವುದಿಲ್ಲ. 2024ರ ಜನವರಿಯ ಕೊನೆಗೆ ರಜೆಯ ದಿನಗಳಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಸೇರಿ ನೂಕುನುಗ್ಗಲಾದ ಮೇಲೆ ಸರ್ಕಾರ ಎಚ್ಚೆತ್ತು, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿ, ದಿನಕ್ಕೆ 300 ಜನರ ಮಿತಿ ತಂದಿತು. ಒಳ್ಳೆಯದೇ ಆಯಿತು. ಆದರೆ ಮುನ್ನೂರು ಜನರೂ ಸಫಾರಿಯ ಕಣ್ಣು ಹೊತ್ತು ಬಂದರೆ ಮಿತಿಯಿಂದ ಏನೂ ಆಗದು, ತೊರೆಯ ಅಂಚಿನ ಒಂದು ಹಾವಿಗೆ ಎಂಟು ಜನರೇ ಹೆಚ್ಚು.

ನನ್ನ ಬೇಡಿಕೆ ದೊಡ್ಡದಲ್ಲ. ಘಟ್ಟದ ನಿತ್ಯಹರಿದ್ವರ್ಣ ಕಾಡಿನೊಳಗೆ ಜೀಪ್ ಸಫಾರಿ ಯಾವ ಹೆಸರಿನಲ್ಲೂ ಬರಕೂಡದು, ಅದಕ್ಕಾಗಿ ಒಂದು ಗಜ ರಸ್ತೆಯೂ ಅಗಲವಾಗಬಾರದು. ಇಲ್ಲಿ ನಡಿಗೆ ಮಾತ್ರ, ಹಗಲು ಮಾತ್ರ, ಸಣ್ಣ ಗುಂಪು ಮಾತ್ರ. ರಾತ್ರಿಯ ಕಾಡು ಅಧ್ಯಯನ ಮಾಡುವವರಿಗೆ, ಅದೂ ಪರವಾನಗಿ ಇದ್ದರೆ. ಕುಂಬಾರ ಕಪ್ಪೆಯನ್ನು ನಾವೆಲ್ಲರೂ ಹೋಗಿ ನೋಡಬೇಕಿಲ್ಲ, ಅದು ಅಲ್ಲಿದೆ ಎಂದು ಬಲ್ಲವರ ಬಾಯಲ್ಲಿ ಕೇಳಿದರೆ ಸಾಕು. ಗೂಡು, ಪೊಟರೆ, ಮರಿ ಇರುವ ಜಾಗವನ್ನು ಗೈಡ್ ಬಚ್ಚಿಟ್ಟರೆ ಅದು ಅವನ ಕರ್ತವ್ಯವೆಂದು ಇಲಾಖೆ ಬರೆದು ಕೊಡಬೇಕು. ಪ್ರಾಣಿಯನ್ನು ಎತ್ತಿಡುವವರ, ಕೂಗು ಹಾಕುವವರ ಪರವಾನಗಿ ಅಲ್ಲೇ ರದ್ದಾಗಬೇಕು, ಅಂಥ ಚಿತ್ರಗಳಿಗೆ ಬಹುಮಾನ ಕೊಡುವ ಸ್ಪರ್ಧೆಗಳು ಚಿತ್ರ ತೆಗೆದದ್ದು ಹೇಗೆಂದು ಕೇಳಬೇಕು. ಮತ್ತು ಗೈಡಿಗೆ ದಿನಗೂಲಿಯ ಬದಲು ಇಲಾಖೆಯಿಂದಲೇ ತಿಂಗಳ ಸಂಬಳ ಸಿಗಬೇಕು, ಮಳೆ ಹೆಚ್ಚಾಗಿ ದಾರಿ ಮುಚ್ಚಿದ ತಿಂಗಳಲ್ಲೂ, ‘ಮುಂದೆ ಬೇಡ’ ಎಂದು ಅವನು ಗುಂಪನ್ನು ನಡುದಾರಿಯಿಂದ ವಾಪಸು ಕರೆತಂದ ದಿನವೂ. ಅದಕ್ಕಾಗಿ ಪ್ರವೇಶ ಶುಲ್ಕ ಏರಿಸಬೇಕಾಗಿ ಬಂದರೆ ಏರಿಸಲಿ, ನಾವು ಕೊಡೋಣ.